ಹಿಟ್ಟಿನ ಕೋಳಿಯೂ ಗಾಜಿನ ಪರದೆಯೂ

ಹುಬ್ಬಳ್ಳಿ-ಧಾರವಾಡದ ಅನೇಕ ಜೈನ ಮನೆಗಳಲ್ಲಿ ಇಂದಿಗೂ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುತ್ತದೆ. ನೀರನ್ನು ಸೋಸಿಯೇ ಕುಡಿಯಲಾಗುತ್ತದೆ. ಆದರೆ ದೀಪವಾರಿದ ಮೇಲೆ ಮಕ್ಕಳ ಕೈಯ ಮೊಬೈಲಿನಲ್ಲಿ ಹರಿದುಬರುವುದನ್ನು ಸೋಸುವ ಬಟ್ಟೆ ಯಾರ ಬಳಿಯಿದೆ?

'ಅನಲಾಗ್ ಹಾರರ್' ಎಂಬುದೊಂದು ಹೊಸ ಗೀಳು. ಸವೆದ ವಿಡಿಯೋ ಟೇಪಿನಂತಹ ಮಸುಕು ಚಿತ್ರ, ಕರ್ಕಶ ಧ್ವನಿ, ನಡುವೆ ತುರ್ತು ಪ್ರಸಾರದ ಸೋಗು. ಅಮೆರಿಕದ ಕ್ರಿಸ್ ಸ್ಟ್ರಾಬ್ 2015ರಲ್ಲಿ ಆರಂಭಿಸಿದ 'ಲೋಕಲ್ 58' ಸರಣಿಯಿಂದ ಈ ಹೆಸರು ರೂಢಿಗೆ ಬಂತು. ಅಭಿಮಾನಿಗಳು ಹಳೆಯ ಆರ್ಕೇಡ್ ಆಟಗಳನ್ನೂ ಈ ಅಚ್ಚಿಗೆ ಎರೆಯುತ್ತಿದ್ದಾರೆ. 1980ರಲ್ಲಿ ಜಪಾನಿನ ನಾಮ್ಕೋ ಹೊರತಂದ 'ಪ್ಯಾಕ್-ಮ್ಯಾನ್' ಅನ್ನು ತೋರು ಇವಾತಾನಿ ರಚಿಸಿದ್ದು, ಗುಂಡು ಹಾರಿಸುವ ಆಟಗಳ ನಡುವೆ ಹೆಂಗಸರೂ ಮೆಚ್ಚುವ ಸೌಮ್ಯ ಆಟವಿರಲೆಂದು. ಆ ಹಳದಿ ಮುಖಕ್ಕೇ ಈಗ ಕೋರೆಹಲ್ಲು ಮೂಡಿಸಿ ರಕ್ತ ಬಳಿಯಲಾಗಿದೆ.

"ಇದೆಲ್ಲ ಕಲ್ಪನೆ, ಯಾವ ಜೀವಿಯೂ ಸಾಯುವುದಿಲ್ಲ" ಎಂಬುದು ತರುಣರ ವಾದ. ಈ ವಾದಕ್ಕೆ ಕನ್ನಡ ನಾಡು 1209ರಲ್ಲೇ ಉತ್ತರ ಕೊಟ್ಟಿದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ ಅರಸನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿಯೂ ಜೀವಿ ಸಾಯಲಿಲ್ಲ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಪಶುಪಕ್ಷಿಗಳ ಜನ್ಮಗಳಲ್ಲಿ ಅಲೆದರು. ಕರ್ಮವು ಲೆಕ್ಕ ಬರೆಯುವುದು ಸರಕನ್ನು ನೋಡಿಯಲ್ಲ, ಭಾವವನ್ನು ನೋಡಿ.

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಐದು ಅನರ್ಥದಂಡಗಳಲ್ಲಿ ದುಃಶ್ರುತಿಯನ್ನೂ ಎಣಿಸುತ್ತದೆ: ಚಿತ್ತವನ್ನು ಕಲುಷಗೊಳಿಸುವುದನ್ನು ಕೇಳುವುದೇ ದೋಷ. ಲಾಭವಿಲ್ಲದ ಖರ್ಚನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ನಿದ್ರೆಯನ್ನೂ ನೆಮ್ಮದಿಯನ್ನೂ ತೆತ್ತು ಭಯವನ್ನು ಕೊಳ್ಳುವುದು ಎಂತಹ ವ್ಯಾಪಾರ?

ನಮ್ಮ ಪುರಾಣಗಳಲ್ಲಿಯೂ ನರಕವರ್ಣನೆಯಿಲ್ಲವೇ, ಯಶೋಧರನ ಕಥೆಯಲ್ಲಿಯೂ ರಕ್ತವಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಲ್ಲಿ ಭಯವು ಬಾಗಿಲು; ಒಳಗಿರುವುದು ಕರುಣೆ. ಕಾರಣವಿದೆ, ಫಲವಿದೆ, ಬಿಡುಗಡೆಯ ದಾರಿಯೂ ಇದೆ. ಇಲ್ಲಿಯಾದರೋ ಭಯವೇ ಆದಿ, ಭಯವೇ ಅಂತ್ಯ.

ಆದರೂ ದೋಷವನ್ನೆಲ್ಲ ಮಕ್ಕಳ ಖಾತೆಗೆ ಬರೆಯುವುದು ತಪ್ಪು ಲೆಕ್ಕ. ಊಟದ ಹೊತ್ತಿಗೆ ಮಗು ಸುಮ್ಮನಿರಲೆಂದು ಮೊಬೈಲನ್ನು ಕೈಗಿತ್ತವರು ಹಿರಿಯರೇ. ಶಿಖರಕ್ಕೆ ಚಿನ್ನದ ಕಲಶವೇರಿಸಲು ಲಕ್ಷಗಟ್ಟಲೆ ಕೂಡಿಸುವ ಟ್ರಸ್ಟುಗಳು ಪಾಠಶಾಲೆಗೆ ಎಷ್ಟನ್ನು ತೆಗೆದಿರಿಸುತ್ತವೆ? ಹಿಂದಿನವರು ಆಟವನ್ನು ನಿಷೇಧಿಸಲಿಲ್ಲ; ಏಣಿ-ಹಾವುಗಳ ಜ್ಞಾನಚೌಪಡವನ್ನು ಬಟ್ಟೆಯ ಮೇಲೆ ಬರೆದು, ಪಾಪ-ಪುಣ್ಯಗಳ ಏರಿಳಿತವನ್ನು ದಾಳದಿಂದಲೇ ಕಲಿಸಿದರು. ಮೊಬೈಲನ್ನು ಕಸಿದುಕೊಳ್ಳುವುದು ಸುಲಭ. ಬರಿದಾದ ಆ ಕೈಗೆ ಏನನ್ನಿಡಬೇಕೆಂಬುದೇ ಕಠಿಣ. ಬರುವ ಪರ್ಯೂಷಣದೊಳಗೆ ಪ್ರತಿ ಬಸದಿಯೂ ಒಂದು ಚೌಪಡವನ್ನು ಹಾಸಲಿ, ಒಬ್ಬ ಕಥೆಗಾರನನ್ನು ಕೂರಿಸಲಿ. ನೀರನ್ನು ಸೋಸುವ ಸಮಾಜಕ್ಕೆ ನೋಟವನ್ನು ಸೋಸುವುದು ಅಸಾಧ್ಯವಲ್ಲ.