ಬೆಕ್ಕಿಗೊಂದು ಬಯಲುಕೋಣೆ



ಈ ತಿಂಗಳು ಬಂದ ಕಾಗದಗಳಲ್ಲಿ ಒಂದನ್ನು ಓದಿ ಸುಮ್ಮನೆ ಕೆಳಗಿಡಲು ನಮಗೆ ಮನಸ್ಸಾಗಲಿಲ್ಲ. ಅದು ರಾಯಚೂರು ಜಿಲ್ಲೆಯ ವಳಕಮದಿನ್ನಿಯಿಂದ ಗೃಹಿಣಿಯೊಬ್ಬರು ಬರೆದುದು. ಅವರ ಮನೆ ಗದ್ದೆಯ ಅಂಚಿನಲ್ಲಿದೆ. ಮನೆಯಲ್ಲಿ ಕಾಳಿನ ಚೀಲಗಳು, ಚೀಲಗಳಿಗೆ ಇಲಿಗಳ ಕಾಟ, ಇಲಿಗಳಿಗೆಂದು ಬೆಕ್ಕು. ಎರಡು ವರ್ಷಗಳೊಳಗೆ ಎರಡು ಬೆಕ್ಕುಗಳನ್ನು ಅವರು ಕಳೆದುಕೊಂಡರಂತೆ. ಒಂದನ್ನು ರಾತ್ರಿಯ ಹೊತ್ತಿನಲ್ಲಿ ಬೀದಿನಾಯಿಗಳು ಹರಿದು ಹಾಕಿದುವು. ಇನ್ನೊಂದು ಎಲ್ಲಿಯೋ ಮದ್ದು ತಿಂದ ಇಲಿಯನ್ನು ತಿಂದು ಬಂದು, ಮನೆಯ ಹೊಸ್ತಿಲ ಮೇಲೆಯೇ ಪ್ರಾಣಬಿಟ್ಟಿತು. ಈಗ ಒಂಬತ್ತು ವರ್ಷದ ಮಗಳು ಮೂರನೆಯ ಮರಿಯೊಂದನ್ನು ಉಡಿಯಲ್ಲಿಟ್ಟುಕೊಂಡು ಬಂದು, “ಇದನ್ನಾದ್ರೂ ಉಳಿಸಿಕೊಡವ್ವಾ” ಎಂದು ಕೇಳುತ್ತಿದ್ದಾಳೆ. ಹಿತ್ತಲಿನಲ್ಲಿ ತಂತಿ ಜಾಲರಿಯ ಆವರಣವೊಂದನ್ನು ಕಟ್ಟಿಸೋಣವೆಂದು ತಾಯಿ ಯೋಚಿಸಿದರೆ, ಅತ್ತೆಯವರು, “ಬೆಕ್ಕನ್ನ ಗೂಡಿನಾಗ ಹಾಕ್ತಾರೇನವ್ವಾ? ಅದೇನು ಗಿಣಿಯೇನು?” ಎಂದು ಅಡ್ಡಿ ಹೇಳುತ್ತಿದ್ದಾರೆ. ಯಾರ ಮಾತು ಸರಿ, ಕಟ್ಟುವುದಾದರೆ ಹೇಗೆ ಕಟ್ಟತಕ್ಕದ್ದು, ಎಂಬುದು ಅವರ ಪ್ರಶ್ನೆ.

ಅತ್ತೆಯವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ದನವನ್ನೂ ಕುರಿಯನ್ನೂ ಮನುಷ್ಯನು ಹಿಡಿದು ತಂದು ಕಟ್ಟಿದನು. ಬೆಕ್ಕಾದರೋ ತಾನಾಗಿಯೇ ಬಂದುದು. ಮನುಷ್ಯನು ಬೆಳೆ ತೆಗೆದು ಕಾಳು ಕೂಡಿಸಿದಲ್ಲಿ ಇಲಿಗಳು ಬಂದುವು, ಇಲಿಗಳ ಬೆನ್ನು ಹತ್ತಿ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದುದು ದೊರೆತಿರುವುದಾಗಿ ೨೦೦೪ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅಷ್ಟು ಹಿಂದಿನಿಂದಲೂ ಅದು ನಮ್ಮ ಮನೆಯ ನೆಂಟನೇ ಹೊರತು ಆಳಲ್ಲ. ಅಂಥದನ್ನು ಸೆರೆಯಲ್ಲಿಡುವುದು ಸರಿಯೇ ಎಂದು ಹಿರಿಯರು ಕೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಬೆಕ್ಕು ಬಂದ ಕಾಲದ ಬಯಲು ಈಗ ಉಳಿದಿಲ್ಲವೆಂಬುದನ್ನೂ ನೋಡಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಕಡೆಯ ಎರೆಭೂಮಿ ಎಷ್ಟೋ ಎಡೆಗಳಲ್ಲಿ ಭತ್ತದ ಗದ್ದೆಯಾಯಿತು. ಗದ್ದೆಗೆ ಇಲಿ, ಇಲಿಗೆ ಮದ್ದು. ಈಗ ಬಳಕೆಯಲ್ಲಿರುವ ಬ್ರೋಮಡಿಯೋಲೋನಿನಂಥ ಮದ್ದು ರಕ್ತವು ಹೆಪ್ಪುಗಟ್ಟದಂತೆ ಮಾಡತಕ್ಕದ್ದು. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ; ಕೆಲವು ದಿನ ಜೋಲುತ್ತ ಅಡ್ಡಾಡುತ್ತದೆ. ಹಾಗೆ ಜೋಲುವ ಇಲಿಯೇ ಬೆಕ್ಕಿಗೆ ಎಲ್ಲಕ್ಕಿಂತ ಸುಲಭವಾದ ಬೇಟೆ. ಇದಲ್ಲದೆ ರಸ್ತೆಯಲ್ಲಿ ಮೋಟಾರುಗಳು, ಬೀದಿಯಲ್ಲಿ ನಾಯಿಗಳ ಹಿಂಡು, ಅವುಗಳ ಕಡಿತದಿಂದ ಹರಡುವ ಹುಚ್ಚುರೋಗ.

ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂದು ನಮ್ಮ ಹಿರಿಯರು ಹೇಳುವುದುಂಟು. ವಳಕಮದಿನ್ನಿಯ ಆ ಎರಡು ಬೆಕ್ಕುಗಳನ್ನು ಕೊಂದ ಕೈ ಮನೆಯವರದಲ್ಲ, ನಿಜ. ಆದರೆ ರಾತ್ರಿ ತೆರೆದಿದ್ದ ಬಾಗಿಲು ಮನೆಯವರದೇ. ಬೆಕ್ಕಿನ ಸ್ವಾತಂತ್ರ್ಯವೆಂದು ನಾವು ಹೇಳುವುದರಲ್ಲಿ ಎಷ್ಟು ಪಾಲು ಬೆಕ್ಕಿನ ಮೇಲಣ ಗೌರವ, ಎಷ್ಟು ಪಾಲು ನಮ್ಮ ಅಲಕ್ಷ್ಯ, ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನಲ್ಲಿ ತಾನೇ ಕೇಳಿಕೊಳ್ಳುವುದು ಒಳ್ಳೆಯದು. ಹೀಗಿರಲು ನಮ್ಮ ತೀರ್ಪು ಇಷ್ಟೇ: ಕಟ್ಟುವುದು ಪಂಜರವಾದರೆ ಅತ್ತೆಯವರ ಮಾತು ಸರಿ, ಬಯಲುಕೋಣೆಯಾದರೆ ಸೊಸೆಯವರ ಮಾತು ಸರಿ. ಪ್ರಾಣಿಯು ತಕ್ಕಷ್ಟು ಚಲಿಸಲು ಎಡೆಯಿಲ್ಲದ ಗೂಡಿನಲ್ಲಿ ಅದನ್ನು ಇಡುವುದು ಅಪರಾಧವೆಂದು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಹೇಳುತ್ತದೆ. ಗೋಡೆಯು ಬೆಕ್ಕಿನಿಂದ ಏನೇನನ್ನು ಕಸಿದುಕೊಳ್ಳುತ್ತದೆಯೋ ಅದೆಲ್ಲವನ್ನೂ ಗೋಡೆಯೊಳಗೆ ತಿರುಗಿ ಕೊಡಬಲ್ಲವರು ಮಾತ್ರ ಗೋಡೆಯನ್ನು ಕಟ್ಟಲಿ.

ಇನ್ನು ಕಟ್ಟುವ ಕ್ರಮಕ್ಕೆ ಬರೋಣ. ಇದರಲ್ಲಿ ನಾವು ಮೊದಲು ಸೋತು ಆಮೇಲೆ ಕಲಿತವರು. ನಮ್ಮ ಹಿತ್ತಲೂ ಎರೆನೆಲವೇ. ಮೊದಲ ಸಲ ಒಂದೂವರೆ ಅಡಿ ಕುಣಿ ತೋಡಿ, ಜಾಲಿಯ ಗೂಟಗಳನ್ನು ನೆಟ್ಟು, ಕೋಳಿಗೂಡಿಗೆ ಬಳಸುವ ತೆಳು ಜಾಲರಿಯನ್ನು ಸುತ್ತಿ, ಮೇಲೆ ಬಯಲು ಬಿಟ್ಟೆವು. ಬೇಸಿಗೆಯಲ್ಲಿ ನೆಲ ಬಿರಿಯಿತು, ಮಳೆ ಬಂದೊಡನೆ ಉಬ್ಬಿತು. ಗೂಟಗಳೆಲ್ಲ ಕುಡುಕರಂತೆ ಒಂದೊಂದು ಕಡೆಗೆ ವಾಲಿದುವು. ಜಾಲರಿ ಸಡಿಲಾದ ದಿನವೇ ಬೆಕ್ಕು ಅದನ್ನು ಹತ್ತಿ ಹಾರಿಹೋಯಿತು. ಮೂರನೆಯ ದಿನ ಕಾಲಿಗೆ ಗಾಯ ಮಾಡಿಕೊಂಡು ತಿರುಗಿ ಬಂದುದು ನಮ್ಮ ಪುಣ್ಯ. ಎರಡನೆಯ ಸಲ ಕಟ್ಟಿದುದು ನಿಂತಿತು. ಅದರ ವಿವರವನ್ನೇ ಇಲ್ಲಿ ಕೊಡುತ್ತೇವೆ.

ಮೊದಲನೆಯದು ಸ್ಥಳ. ವಳಕಮದಿನ್ನಿಯ ಹೆಸರಿನಲ್ಲಿಯೇ ದಿನ್ನೆಯಿದೆ. ಹಿತ್ತಲಿನಲ್ಲಿಯೂ ನೀರು ನಿಲ್ಲದ ದಿನ್ನೆಯ ಜಾಗವನ್ನೇ ಆರಿಸಬೇಕು. ಮನೆಯ ಪೂರ್ವದ ಗೋಡೆಗೆ ಹೊಂದಿಸಿ ಕಟ್ಟಿದರೆ ಬೆಳಗಿನ ಎಳೆಬಿಸಿಲು ದೊರೆಯುವುದು, ಮಧ್ಯಾಹ್ನದ ಮೇಲಿನ ಉರಿಬಿಸಿಲಿಗೆ ಮನೆಯೇ ನೆರಳಾಗುವುದು. ಬೇಸಿಗೆಯಲ್ಲಿ ಶಾಖವು ೪೦ ಡಿಗ್ರಿಯನ್ನು ಮೀರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಒಂದೆರಡು ಬೆಕ್ಕುಗಳಿಗೆ ೧೨ ಅಡಿ ಉದ್ದ, ೬ ಅಡಿ ಅಗಲ, ೭ ಅಡಿ ಎತ್ತರ ಸಾಕು. ಒಂದು ಪಕ್ಕಕ್ಕೆ ಮನೆಯ ಗೋಡೆಯೇ ಇರುವುದರಿಂದ ಮೂರು ಪಕ್ಕ ಕಟ್ಟಿದರಾಯಿತು.

ಎರಡನೆಯದು ಕಂಬ. ಗೆದ್ದಲಿನ ಭಯವಿರುವುದರಿಂದ ಮರಕ್ಕಿಂತ ಕಬ್ಬಿಣದ ಕೋನಪಟ್ಟಿ ಮೇಲು. ಆರು ಅಡಿಗೊಂದು ಕಂಬವಿರಲಿ. ಎರಡೂವರೆ ಅಡಿ ಆಳದ ಅಗಲವಾದ ಕುಣಿಯನ್ನು ತೋಡಿ, ಎರೆಮಣ್ಣನ್ನೆಲ್ಲ ಹೊರಗೆ ಹಾಕಿ, ತಳಕ್ಕೆ ಗರಸು ತುಂಬಿ ಧಮ್ಮಸ್ಸು ಮಾಡಿ, ಅದರ ಮೇಲೆ ಕಲ್ಲು ಸಿಮೆಂಟುಗಳಿಂದ ಕಂಬವನ್ನು ಬಿಗಿಯತಕ್ಕದ್ದು. ಬುಡದಲ್ಲಿ ನೀರು ನಿಲ್ಲದಂತೆ ಹೊರಕ್ಕೆ ಇಳಿಜಾರು ಮಾಡಬೇಕು. ಕಂಬವು ವಾಲಿದರೆ ಮಿಕ್ಕ ಕೆಲಸವೆಲ್ಲ ವ್ಯರ್ಥ.

ಮೂರನೆಯದು ಜಾಲರಿ. ತಂತಿಗಳನ್ನು ಬೆಸೆದು, ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಗಟ್ಟಿ ಜಾಲರಿಯನ್ನೇ ತರಬೇಕು. ಅದರ ಕಣ್ಣು ಒಂದು ಅಂಗುಲವನ್ನು ಮೀರಬಾರದು. ಮರಿ ತಲೆ ತೂರಿಸದಂತೆ, ಹೊರಗಿನ ದೊಡ್ಡ ಹಾವು ನುಸುಳದಂತೆ ಅರ್ಧ ಅಂಗುಲದ್ದಾದರೆ ಉತ್ತಮ. ಪಟ್ಟಣಗಳ ಮಾಳಿಗೆಮನೆಗಳಲ್ಲಿ ಪಾರಿವಾಳ ಬಾರದಂತೆ ಕಟ್ಟುವ ನೈಲಾನಿನ ಬಲೆಯನ್ನು ಬೆಕ್ಕು ಹಲ್ಲಿನಿಂದ ಕತ್ತರಿಸಬಲ್ಲುದು. ಜಾಲರಿಯ ಕೆಳಗಿನ ಒಂದು ಅಡಿಯನ್ನು ನೆಲದೊಳಗೆ ಹೂಳಿ, ಅದಕ್ಕೆ ಒತ್ತಿ ಶಹಾಬಾದಿನ ಪರಸಿಕಲ್ಲಿನ ತುಂಡುಗಳನ್ನು ನಿಲ್ಲಿಸಿದರೆ, ಎರೆ ಬಿರಿದಾಗಲೂ ಹೆಗ್ಗಣ ಕೊರೆದು ಒಳಗೆ ಬಾರದು, ಬೆಕ್ಕು ತೋಡಿ ಹೊರಗೆ ಹೋಗದು.

ನಾಲ್ಕನೆಯದು ಮಾಡು. ಬೆಳೆದ ಬೆಕ್ಕು ನಿಂತಲ್ಲಿಂದಲೇ ಐದಾರು ಅಡಿ ಹಾರುತ್ತದೆ, ಜಾಲರಿಯನ್ನಂತೂ ಏಣಿಯಂತೆ ಹತ್ತುತ್ತದೆ. ಆದುದರಿಂದ ಮೇಲೆಯೂ ಜಾಲರಿ ಇರಲೇಬೇಕು. ಅದರಲ್ಲಿ ಅರ್ಧ ಭಾಗಕ್ಕೆ ಹುಲ್ಲಿನ ಹೊದಿಕೆ ಹಾಕಿ, ಅರ್ಧವನ್ನು ಆಕಾಶಕ್ಕೆ ಬಿಡಬೇಕು. ಬರಿಯ ತಗಡು ಹೊದಿಸಿದರೆ ಬೇಸಿಗೆಯಲ್ಲಿ ಅದು ಕಾವಲಿಯಾಗುವುದು.

ಐದನೆಯದು ಬಾಗಿಲು. ನಾವು ಒಂದೇ ಬಾಗಿಲಿಟ್ಟು ಪಶ್ಚಾತ್ತಾಪಪಟ್ಟಿದ್ದೇವೆ. ಕೈಯಲ್ಲಿ ತಟ್ಟೆ ಹಿಡಿದು ಒಳಗೆ ಹೋಗುವಾಗ ಕಾಲ ಸಂದಿನಿಂದ ಬೆಕ್ಕು ಪಾರಾಗುವುದು ಕ್ಷಣದ ಕೆಲಸ. ಆವರಣದ ಒಂದು ಮೂಲೆಯಲ್ಲಿ ಮೂರು ಅಡಿ ಚೌಕದ ಸಣ್ಣ ಅಂಕಣ ಮಾಡಿ ಎರಡು ಬಾಗಿಲಿಟ್ಟು, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ನಿಯಮವನ್ನು ಮಕ್ಕಳಿಗೂ ಕಲಿಸಬೇಕು. ಮನೆಯ ಕಿಟಕಿಯೊಂದು ಆವರಣದೊಳಕ್ಕೆ ತೆರೆಯುವಂತಿದ್ದರೆ ಇನ್ನೂ ಲೇಸು; ಬೆಕ್ಕು ಹಗಲು ತಾನೇ ಬಂದು ಹೋಗುವುದು, ರಾತ್ರಿ ಅದನ್ನು ಒಳಗೆ ಕರೆದು ಕಿಟಕಿ ಮುಚ್ಚಬಹುದು.

ಸಾಮಾನು ತರುವವರಿಗೆ ಲೆಕ್ಕ: ನಾಲ್ಕು ಅಡಿ ಅಗಲದ ಜಾಲರಿಯ ಸುರುಳಿಯಲ್ಲಿ ಮೂರು ಪಕ್ಕಗಳಿಗೆ, ಹೂಳುವ ಒಂದು ಅಡಿಯೂ ಸೇರಿ, ೪೮ ಅಡಿ, ಮಾಡಿಗೆ ೧೮ ಅಡಿ, ಬಾಗಿಲಿನ ಅಂಕಣಕ್ಕೆ ೧೪ ಅಡಿ, ಒಟ್ಟು ೮೦ ಅಡಿ. ಅಂಚುಗಳು ಒಂದರ ಮೇಲೊಂದು ಕೂಡಬೇಕಾದುದರಿಂದ ೯೦ ಅಡಿ ತರುವುದು ಕ್ಷೇಮ.

ಗೋಡೆ ಎದ್ದಿತು. ಇನ್ನು ಗೋಡೆ ಕಸಿದುಕೊಂಡುದನ್ನು ತಿರುಗಿ ಕೊಡುವ ಕೆಲಸ. ಬೆಕ್ಕಿಗೆ ನೆಲದ ಅಗಲಕ್ಕಿಂತ ಎತ್ತರ ಮುಖ್ಯ. ಎರಡು, ಮೂರೂವರೆ, ಐದು ಅಡಿಗಳ ಎತ್ತರದಲ್ಲಿ ಒಂದು ಅಡಿ ಅಗಲದ ಹಲಗೆಗಳನ್ನು ಮೆಟ್ಟಿಲಿನಂತೆ ಹೊಡೆದರೆ ಅದು ಮೇಲೆ ಕುಳಿತು ಊರನ್ನೆಲ್ಲ ನೋಡುವುದು. ಉಗುರು ಕೆರೆಯಲು ಮೂರು ಅಡಿಯ ಕೊರಡೊಂದಕ್ಕೆ ಪುಂಡಿನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ ನಿಲ್ಲಿಸಬೇಕು. ಅಡಗಲು ಒಂದು ಮರದ ಪೆಟ್ಟಿಗೆ, ಕಚ್ಚಲು ಒಂದಿಷ್ಟು ಗರಿಕೆ, ನೆರಳಿನಲ್ಲಿ ಮಣ್ಣಿನ ಬೋಗುಣಿಯ ತುಂಬ ನೀರು. ಕಣಗಿಲೆಯ ಗಿಡ ಮಾತ್ರ ಹತ್ತಿರ ಬೇಡ, ಅದು ವಿಷ. ಬೇಸಿಗೆಯಲ್ಲಿ ಬೆಕ್ಕು ನಾಯಿಯಂತೆ ಬಾಯ್ತೆರೆದು ಏದುಸಿರು ಬಿಟ್ಟರೆ ಅದು ಅಪಾಯದ ಗುರುತು. ಕೂಡಲೇ ತಂಪಿಗೆ ತರತಕ್ಕದ್ದು.

ಮೂಲೆಯಲ್ಲೊಂದು ಮರಳಿನ ತಟ್ಟೆಯಿರಲಿ, ಅದನ್ನು ದಿನದಿನವೂ ತೆಗೆಯಬೇಕು. ಏತಕ್ಕೆಂದರೆ, ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಆ ಭಯ ಬಹಳ ಮಟ್ಟಿಗೆ ತಪ್ಪುತ್ತದೆ. ಆದರೂ ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಆಹಾರದ ಮಾತನ್ನು ಮರೆಯುವಂತಿಲ್ಲ. ಹೊರಗೆ ತಿರುಗುವ ಬೆಕ್ಕು ಮನೆಯ ಹಾಲು-ಅನ್ನದಿಂದ ಬದುಕುತ್ತದೆಯೆಂದು ನಾವು ತಿಳಿದಿರುತ್ತೇವೆ. ನಿಜಕ್ಕೂ ಅದನ್ನು ಬದುಕಿಸುವುದು ಇಲಿ, ಹಲ್ಲಿ, ಹಕ್ಕಿಗಳು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ತ್ವವು ಸಾಲದಿದ್ದರೆ ಬೆಕ್ಕಿನ ಕಣ್ಣು ಕೆಡುವುದೆಂದು ೧೯೭೫ರಲ್ಲಿಯೂ, ಹೃದಯ ಕೆಡುವುದೆಂದು ೧೯೮೭ರಲ್ಲಿಯೂ ಸಂಶೋಧಕರು ತೋರಿಸಿದರು. ಬೇಟೆಯನ್ನು ತಪ್ಪಿಸಿದ ಮೇಲೆ ಮೀನನ್ನೋ ಮಾಂಸವನ್ನೋ ಕೊಡಲೇಬೇಕು. ಸಸ್ಯಾಹಾರದ ಮನೆಯವರು ಟಾರಿನ್ ಸೇರಿಸಿದ ಸಿದ್ಧ ಆಹಾರವನ್ನು ಪೇಟೆಯಿಂದ ತರಬಹುದು. ಅದೂ ಮನಸ್ಸಿಗೆ ಒಗ್ಗದೆಂಬವರು ಬೆಕ್ಕನ್ನು ಕೂಡಿಹಾಕದಿರುವುದೇ ಧರ್ಮ. ಬೇಟೆಯ ಚಪಲಕ್ಕೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಹುರಿಗೆ ಕಟ್ಟಿದ ಗರಿಯನ್ನು ಎಳೆದು ಆಡಿಸಬೇಕು. ಒಂಬತ್ತು ವರ್ಷದ ಹುಡುಗಿಗೆ ಇದಕ್ಕಿಂತ ಪ್ರಿಯವಾದ ಕೆಲಸವಿನ್ನಾವುದು?

ಹಾಗಾದರೆ ಕಾಳಿನ ಚೀಲಗಳ ಗತಿಯೇನು ಎಂದು ಅತ್ತೆಯವರು ಕೇಳದೆ ಬಿಡರು. ಉತ್ತರ: ರಾತ್ರಿ ಬೆಕ್ಕು ಮನೆಯೊಳಗೇ ಇರುವುದರಿಂದ ಕಾಳಿನ ಕೋಣೆಯ ಕಾವಲು ತಪ್ಪುವುದಿಲ್ಲ, ಆದರೆ ಆ ಕೋಣೆಯಲ್ಲಿ ಮದ್ದು ಇಡಬಾರದು, ಕಾಳನ್ನು ಮುಚ್ಚಳವಿರುವ ತಗಡಿನ ಕಣಜಕ್ಕೆ ಹಾಕಬೇಕು. ಮದ್ದಿನ ಇಲಿಯನ್ನು ತಿಂದಿತೆಂಬ ಅನುಮಾನ ಬಂದರೆ ಮನೆಮದ್ದಿಗೆ ಕೂರದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದಾಗಿದ್ದರೆ ಕೆ-೧ ಎಂಬ ಜೀವಸತ್ತ್ವದಿಂದ ಚಿಕಿತ್ಸೆಯುಂಟು. ಮರಿಗೆ ಮೂರು ತಿಂಗಳಾದಾಗ ಹುಚ್ಚುರೋಗದ ಚುಚ್ಚುಮದ್ದನ್ನು ಹಾಕಿಸುವುದೂ ಆವಶ್ಯಕ. ಗೋಡೆಯಿದೆಯೆಂದು ಅದನ್ನು ಬಿಡಲಾಗದು.

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್ಬೆರದಲ್ಲಿ ೨೦೨೨ರ ಜುಲೈ ೧ರಿಂದ ಹುಟ್ಟಿದ ಬೆಕ್ಕುಗಳನ್ನು ಮನೆಯಲ್ಲಿ ಇಲ್ಲವೆ ಆವರಣದಲ್ಲಿಯೇ ಸಾಕಬೇಕೆಂದು ಕಾನೂನು ಮಾಡಿದ್ದಾರೆ. ಅಲ್ಲಿಯವರ ಮುಖ್ಯ ಚಿಂತೆ ಹಕ್ಕಿಗಳು ಮತ್ತು ಸಣ್ಣ ಕಾಡುಪ್ರಾಣಿಗಳು. ನಮ್ಮ ಹಿತ್ತಲಿನ ಗುಬ್ಬಿಗಳಿಗೂ ಈ ಜಾಲರಿಯಿಂದ ಉಪಕಾರವಾಗುವುದರಲ್ಲಿ ಸಂದೇಹವಿಲ್ಲ.

ಕಾಗದ ಬರೆದ ತಾಯಿಯವರಲ್ಲಿ ಕಡೆಯದಾಗಿ ಒಂದು ಮಾತು. ಮರಿಯನ್ನು ಒಳಗೆ ಬಿಡುವ ದಿನ ಅತ್ತೆಯವರಿಗೂ ಆವರಣದಲ್ಲಿ ಒಂದು ಮಣೆ ಹಾಕಿಕೊಡಿ. ಅವರು ಅಲ್ಲಿ ಒಂದು ಗಳಿಗೆ ಸುಖವಾಗಿ ಕುಳಿತು, ಗಾಳಿ ಬರುತ್ತದೆ, ಬೆಳಕಿದೆ, ಮೊಮ್ಮಗಳೂ ಹತ್ತಿರವಿದ್ದಾಳೆ ಎಂದರೆ, ನೀವು ಕಟ್ಟಿದುದು ಗೂಡಲ್ಲ, ಕೋಣೆ. ಅವರಿಗೆ ಉಸಿರು ಕಟ್ಟಿದರೆ ಬೆಕ್ಕಿಗೂ ಕಟ್ಟುವುದೆಂದು ತಿಳಿದು, ಇನ್ನೊಂದು ಕಂಬದಷ್ಟು ದೂರ ಜಾಲರಿಯನ್ನು ಮುಂದಕ್ಕೆ ಒಯ್ಯಿರಿ.