ನೀರಿಗಿಳಿದ ಪುಟ್ಟ ವಿಮಾನ ಪಲ್ಟಿ ಹೊಡೆಯುವುದೇಕೆ?

ಪುಟ್ಟ ವಿಮಾನವೊಂದು ನಿಧಾನವಾಗಿ ಕೆಳಗಿಳಿದು ಬರುತ್ತದೆ. ನೀರು ಸೋಕಿದ ಮರುಕ್ಷಣವೇ ಮೂತಿ ಒಳಗೆ, ಬಾಲ ಮೇಲೆ! ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರ ಕೆಳಗೆ ‘ಪೈಲಟ್ ಕುಡಿದಿದ್ದ’, ‘ಎಂಜಿನ್ ಸ್ಫೋಟ’ ಎಂದೇನಾದರೂ ಬರೆದಿದ್ದರೆ ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರು ಸಾಮಾನ್ಯ ವಿಮಾನ ಹತ್ತಲೂ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕು. ನೀರಿನ ಮೇಲಿಳಿಯುವ ವಿಮಾನವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಮೊಬೈಲಿನಲ್ಲೇ. ಹಾಗೆಂದು ಕರ್ನಾಟಕಕ್ಕೆ ಇದು ಹೊಸತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ದುರಸ್ತಿಗೆಂದು ಬರುತ್ತಿದ್ದ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ಈಗ ನೊರೆಗೆ ಹೆಸರಾದ ಅದೇ ಕೆರೆ! 2020ರ ಅಕ್ಟೋಬರ್ 31ರಂದು ಗುಜರಾತಿನ ಸಾಬರಮತಿಯಿಂದ, 2024ರ ನವೆಂಬರಿನಲ್ಲಿ ಪ್ರಯೋಗಾರ್ಥವಾಗಿ ಕೇರಳದ ಕೊಚ್ಚಿಯಿಂದ ಇಂಥ ವಿಮಾನಗಳು ಹಾರಿದವು.

‘ನೀರು ಮೆತ್ತಗಲ್ಲವೇ, ಬಿದ್ದರೂ ಏನಾಗುತ್ತದೆ?’ ಎಂಬುದು ಮೊದಲ ತಪ್ಪು ತಿಳಿವಳಿಕೆ. ಬಾವಿಗೆ ಹೊಟ್ಟೆ ಅಡಿಯಾಗಿ ಬಿದ್ದವರನ್ನು ಕೇಳಿ ನೋಡಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗವಾಗಿ ಬಂದು ಬಡಿದರೆ ಅದು ಪಕ್ಕಕ್ಕೆ ಸರಿಯುವಷ್ಟು ಸಮಯವೇ ಸಿಗುವುದಿಲ್ಲ.

ಎರಡನೆಯದು ಚಕ್ರದ ವಿಷಯ. ಕಪ್ಪೆಯ ಹಾಗೆ ನೆಲದಲ್ಲೂ ನೀರಿನಲ್ಲೂ ಇಳಿಯಬಲ್ಲ ಉಭಯಚರ ವಿಮಾನಕ್ಕೆ ದೋಣಿಯಂಥ ತಳವೂ ಇರುತ್ತದೆ, ಒಳಗೆಳೆದುಕೊಳ್ಳಬಲ್ಲ ಚಕ್ರಗಳೂ ಇರುತ್ತವೆ. ರನ್‌ವೇಯಲ್ಲಿ ಚಕ್ರ ಕೆಳಗಿರಬೇಕು, ನೀರಿನಲ್ಲಿ ಮೇಲಿರಬೇಕು. ಮರೆತು ಚಕ್ರ ಇಳಿಸಿಕೊಂಡೇ ನೀರಿಗಿಳಿದರೆ? ಓಡುವ ಬೈಕಿನ ಮುಂದಿನ ಚಕ್ರ ಗುಂಡಿಯಲ್ಲಿ ಸಿಕ್ಕಿ ಸವಾರ ಮುಂದಕ್ಕೆ ಹಾರಿ ಬೀಳುವುದನ್ನು ನೆನಪಿಸಿಕೊಳ್ಳಿ. ನೀರು ಚಕ್ರಗಳನ್ನು ಹಿಡಿದೆಳೆಯುತ್ತದೆ, ಮೇಲಿನ ಭಾರ ಮುಂದಕ್ಕೆ ನುಗ್ಗುತ್ತದೆ, ವಿಮಾನ ಮಗುಚುತ್ತದೆ. ಸೋಜಿಗವೆಂದರೆ, ಇದಕ್ಕೆ ವಿರುದ್ಧವಾದ ತಪ್ಪು, ಅಂದರೆ ಚಕ್ರ ಇಳಿಸದೆ ರನ್‌ವೇಗೆ ಇಳಿಯುವುದು, ಸಾಮಾನ್ಯವಾಗಿ ತಳ ಉಜ್ಜಿಹೋಗುವುದರಲ್ಲೇ ಮುಗಿಯುತ್ತದೆ.

ಅನುಭವಿ ಪೈಲಟ್ ಇಷ್ಟು ಸಣ್ಣ ಸಂಗತಿ ಮರೆಯುತ್ತಾರೆಯೇ? ಮರೆಯುತ್ತಾರೆ. ಇಳಿಯುವ ಮುನ್ನ ಚಕ್ರ ಬಿಚ್ಚುವುದು ಅವರಿಗೆ ಕೈರೂಢಿ. ಅದಕ್ಕೇ ‘ಇದು ನೀರಿನ ಲ್ಯಾಂಡಿಂಗ್, ಚಕ್ರ ಮೇಲಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಲು ಕಲಿಸುತ್ತಾರೆ. ಹಲವು ವಿಮಾನಗಳಲ್ಲಿ ಚಕ್ರ ಮೇಲಿದ್ದರೆ ನೀಲಿ ದೀಪ, ಕೆಳಗಿದ್ದರೆ ಹಸಿರು ದೀಪ ಉರಿಯುತ್ತದೆ.

ಎಲ್ಲ ಅಪಘಾತಕ್ಕೂ ಚಕ್ರವೇ ಕಾರಣವಲ್ಲ. ಅಲೆ, ತೇಲುವ ಮರದ ದಿಮ್ಮಿ, ಕೊನೆಗೆ ಅಲುಗಾಡದ ನೀರು ಕೂಡ ಅಪಾಯವೇ. ಗಾಳಿಯಿಲ್ಲದ ಮುಂಜಾನೆ ಹಾವೇರಿಯ ಹೆಗ್ಗೇರಿ ಕೆರೆ ತುಂಬಿದ್ದಾಗ ನೋಡಿದರೆ ಗೊತ್ತಾದೀತು: ಮೋಡ, ಆಕಾಶ ಎಲ್ಲವೂ ನೀರೊಳಗೇ ಇದ್ದಂತೆ ಕಾಣುತ್ತದೆ. ಮೇಲಿನಿಂದ ಬರುವ ಪೈಲಟ್‌ಗೆ ನೀರು ಇನ್ನೆಷ್ಟು ಕೆಳಗಿದೆ ಎಂಬ ಅಂದಾಜೇ ಸಿಗುವುದಿಲ್ಲ.

ಮಗುಚಿದ ವಿಮಾನದಲ್ಲಿ ಪೆಟ್ಟಿನಿಂದ ಸಾಯದವರೂ ಮುಳುಗಿ ಸಾಯಬಹುದು. ತಲೆಕೆಳಗಾಗಿ ನೇತಾಡುವಾಗ ಎಡ ಬಲ ತಿಳಿಯದು. ಆದ್ದರಿಂದ ಹತ್ತಿದ ಕೂಡಲೇ ಬಾಗಿಲು ಯಾವ ಕಡೆಯಿದೆ, ಹೇಗೆ ತೆರೆಯುತ್ತದೆ ಎಂದು ನೋಡಿಟ್ಟುಕೊಳ್ಳಬೇಕು. ವಿಮಾನ ಪೂರ್ತಿ ನಿಂತ ಮೇಲೆ ಒಂದು ಕೈಯಲ್ಲಿ ಬಾಗಿಲ ಕಡೆಯ ಏನನ್ನಾದರೂ ಗಟ್ಟಿಯಾಗಿ ಹಿಡಿದು, ಆಮೇಲಷ್ಟೇ ಬೆಲ್ಟ್ ಬಿಚ್ಚಬೇಕು. ಲೈಫ್ ಜಾಕೆಟ್ಟನ್ನು ಒಳಗೆ ಊದಿಸಲೇಬಾರದು. 1996ರ ನವೆಂಬರ್ 23ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ದೊಡ್ಡ ವಿಮಾನವೊಂದು ಕೊಮೊರೋಸ್ ದ್ವೀಪದ ಬಳಿ ಸಮುದ್ರಕ್ಕಿಳಿದು ಒಡೆದಾಗ 175 ಮಂದಿಯಲ್ಲಿ 125 ಮಂದಿ ಸತ್ತರು. ಅವರಲ್ಲಿ ಹಲವರು ಒಳಗೇ ಜಾಕೆಟ್ ಊದಿಸಿಕೊಂಡಿದ್ದರು. ನೀರು ನುಗ್ಗಿದಾಗ ಜಾಕೆಟ್ ಅವರನ್ನು ಚಾವಣಿಗೆ ಒತ್ತಿಹಿಡಿಯಿತು, ಮುಳುಗಿ ಬಾಗಿಲತ್ತ ಈಜಲು ಆಗಲಿಲ್ಲ.

ಮುಂದಿನ ಸಲ ಅಂಥ ವಿಡಿಯೋ ಬಂದಾಗ ನೀರು ಸೋಕುವ ಮುಂಚಿನ ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ, ತಳದಲ್ಲಿ ಚಕ್ರ ಕಾಣುತ್ತದೆಯೇ ನೋಡಿ.