ಸೀಟು ಸಿಕ್ಕಿತು, ಟೈಂಟೇಬಲ್ ಎಲ್ಲಿ?

ಪಿಯುಸಿ ಫಲಿತಾಂಶ ಬಂದರೆ ಕೆಜಿಎಫ್, ಬಂಗಾರಪೇಟೆಯ ಮನೆಗಳಲ್ಲಿ ಒಂದೇ ಚರ್ಚೆ: ಡಿಗ್ರಿ ಇಲ್ಲೇ ಓದೋದಾ, ರೈಲು ಹತ್ತಿ ಬೆಂಗಳೂರಿಗೆ ಹೋಗೋದಾ? ಆಟಿಸಂ ಇರುವ ಮಗನೋ ಮಗಳೋ ಇರುವ ಮನೆಯಲ್ಲಿ ಚರ್ಚೆ ಅದಕ್ಕೂ ಹಿಂದಿನಿಂದ ಶುರುವಾಗುತ್ತದೆ. ಕಾಲೇಜಿಗೆ ಕಳಿಸೋದಾ, ಬೇಡವಾ?

ಕಾನೂನಿನ ಮಟ್ಟಿಗೆ ಉತ್ತರ ಸ್ಪಷ್ಟ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಸುದ್ದಿಯೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಒಪ್ಪಿತು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರವಿದ್ದರೆ ಸರ್ಕಾರಿ, ಅನುದಾನಿತ ಕಾಲೇಜುಗಳ ಶೇ 5ರ ಮೀಸಲಾತಿ ಅನ್ವಯಿಸುತ್ತದೆ. ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆಯೂ ಉಂಟು. ಬರವಣಿಗೆ ಕಷ್ಟವಾದವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತು.

ಸೀಟಿನ ನಂತರದ್ದೇ ತಾಪತ್ರಯ. ಶಾಲೆಯಲ್ಲಿ ನೆಟ್ಟಗೋ ಸೊಟ್ಟಗೋ ಒಂದು ವ್ಯವಸ್ಥೆ ಇದೆ. ಸಮಗ್ರ ಶಿಕ್ಷಣದಡಿ ತಾಲ್ಲೂಕಿಗೆ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ‘ಈ ಹುಡುಗನಿಗೆ ಗದ್ದಲ ಆಗಲ್ಲ, ಮೊದಲ ಬೆಂಚಲ್ಲಿ ಕೂರಿಸಿ’ ಎಂದು ಹೇಳಬಲ್ಲ ಕ್ಲಾಸ್ ಟೀಚರ್ ಇರುತ್ತಾರೆ. ಆ ಯೋಜನೆಯ ವ್ಯಾಪ್ತಿ 12ನೇ ತರಗತಿಗೆ ಮುಗಿಯುತ್ತದೆ. ಡಿಗ್ರಿಗೆ ಕಾಲಿಟ್ಟ ದಿನ ಆ ಹುಡುಗನ ವಿಷಯ ಗೊತ್ತಿರುವವರು ಕ್ಯಾಂಪಸ್ಸಿನಲ್ಲಿ ಒಬ್ಬರೂ ಇರುವುದಿಲ್ಲ.

ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಪಾಠಕ್ಕಿಂತ ದಿನಚರಿ ಏರುಪೇರಾಗುವುದೇ ದೊಡ್ಡ ಕಷ್ಟ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಿಗದ ವಸ್ತುವೆಂದರೆ ಏರುಪೇರಾಗದ ದಿನಚರಿಯೇ. ಪಾಠದ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ನೇಮಕಾತಿ ತಡವಾದರೆ ಟೈಂಟೇಬಲ್ಲೂ ತಡ. ಹತ್ತು ಗಂಟೆಯ ಕ್ಲಾಸು ಹನ್ನೆರಡಕ್ಕೆ ಹೋಗುತ್ತದೆ, ರೂಮು ಬದಲಾಗುತ್ತದೆ, ಸುದ್ದಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಅರ್ಧ ಗಂಟೆ ಮೊದಲು ಬರುತ್ತದೆ. ಉಳಿದವರಿಗೆ ಅದು ಫ್ರೀ ಪೀರಿಯಡ್, ಬಂಗಾರಪೇಟೆಯಾದರೆ ಪಾನಿಪುರಿಗೆ ಸಮಯ. ಆಟಿಸಂ ಇರುವ ಹುಡುಗ ಖಾಲಿ ರೂಮಿನ ಬಾಗಿಲಲ್ಲಿ ಬ್ಯಾಗು ಅವುಚಿಕೊಂಡು ನಿಂತಿರುತ್ತಾನೆ. ನೋಡಿದವರು ‘ಏನೋ ಒಂಥರಾ ಹುಡುಗ’ ಅನ್ನುತ್ತಾರೆ.

ಇಲ್ಲಿ ಇನ್ನೊಂದು ಕಷ್ಟವಿದೆ. ಚಿನ್ನದ ಗಣಿ ಕಂಪನಿ ಬಿಜಿಎಂಎಲ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದ ಮೇಲೆ ಕೆಜಿಎಫ್‌ನ ದುಡಿಮೆ ಬೆಂಗಳೂರಿನ ರೈಲಿಗೆ ಗಂಟುಬಿತ್ತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಕತ್ತಲಿರುವಾಗಲೇ ರೈಲು ಹತ್ತುವ ಅಪ್ಪ ಅಮ್ಮ ಮಗನನ್ನು ಕಾಲೇಜಿಗೆ ಬಿಟ್ಟುಬರುವುದು ಯಾವಾಗ? ಮನೆಯಲ್ಲಿ ತಮಿಳೋ ತೆಲುಗೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್; ಮಾತೇ ಸಲೀಸಾಗಿ ಹೊರಡದ ಮಗುವಿಗೆ ಈ ಮೂರರ ನಡುವೆ ಪರದಾಟ.

ಪ್ರಮಾಣಪತ್ರ ತೋರಿಸಲು ಹಿಂಜರಿಯುವ ತಂದೆತಾಯಿಯರನ್ನು ನಾನು ದೂರಲಾರೆ. ‘ಹುಚ್ಚ’ ಅನ್ನುವ ನಾಲಿಗೆಗಳು ಊರಲ್ಲಿ ಕಡಿಮೆಯಿಲ್ಲ. ಆದರೆ ಕಾಗದ ಬೀರುವಿನಲ್ಲಿದ್ದರೆ ಪರೀಕ್ಷೆಯ ಹೆಚ್ಚುವರಿ ಸಮಯವೂ ಬೀರುವಿನಲ್ಲೇ. ಇನ್ನು ಸಹಪಾಠಿಗಳ ಕಾಟ. ರ‍್ಯಾಗಿಂಗ್ ತಡೆಗೆ ಯುಜಿಸಿಯ 2009ರ ನಿಯಮಗಳಿವೆ, ನಿಜ. ‘ಸುಮ್ಮನೆ ತಮಾಷೆಗೆ ಸಾರ್’ ಎಂಬ ಮಾತನ್ನು ನಂಬಿ ಬಲಿಯಾಗುವ ಹುಡುಗ ದೂರು ಬರೆಯುವುದಿಲ್ಲ, ಕಾಲೇಜು ಬಿಡುತ್ತಾನೆ.

ಇದಕ್ಕೆಲ್ಲ ಹೊಸ ಕಟ್ಟಡ ಬೇಡ, ವಿಶೇಷ ಅನುದಾನವೂ ಬೇಡ. ಕೆಜಿಎಫ್, ಬಂಗಾರಪೇಟೆಯ ಪ್ರಾಂಶುಪಾಲರಲ್ಲಿ ನನ್ನ ಮನವಿ ಇಷ್ಟು: ತರಗತಿ ಶುರುವಾಗುವ ವಾರ ಮೊದಲು ಆಟಿಸಂ ಇರುವ ವಿದ್ಯಾರ್ಥಿಯನ್ನು ಕರೆಸಿ, ಖಾಲಿ ಕಾಲೇಜಿನಲ್ಲಿ ರೂಮು, ಶೌಚಾಲಯ, ಲೈಬ್ರರಿ ತೋರಿಸಿ. ಬದಲಾವಣೆಯಿದ್ದರೆ ಹಿಂದಿನ ದಿನವೇ ಬರೆದು ಕೊಡಿ. ಸೆಮಿನಾರ್ ಅಂಕವನ್ನು ಇಡೀ ಕ್ಲಾಸಿನ ಬದಲು ಮೇಷ್ಟ್ರೊಬ್ಬರ ಮುಂದೆ ಮಾತಾಡಿಸಿ ಕೊಡಿ. ಮೂರು ವರ್ಷವೂ ಬದಲಾಗದ ಒಬ್ಬ ಕಾಯಂ ಉಪನ್ಯಾಸಕರ ಹೆಸರನ್ನು ಪ್ರವೇಶದ ದಿನವೇ ಅವನ ಕೈಗಿಡಿ, ಫೋನ್ ನಂಬರ್ ಸಮೇತ.